ನಾಡ ರಾಸುಗಳ ವಂಶರಕ್ಷಣೆ: ಅಮೃತಮಹಲ್ ಮತ್ತು ಹಳ್ಳಿಕಾರ್ ತಳಿಗಳಿಂದ ಕಲಿಯತಕ್ಕ ಪಾಠ

ವ್ಯವಸಾಯಕ್ಕೆ ಭೂಮಿ, ನೀರು, ಬೀಜ ಇವು ಎಷ್ಟು ಮುಖ್ಯವೋ ರಾಸುಗಳೂ ಅಷ್ಟೇ ಮುಖ್ಯವೆಂಬುದನ್ನು ಒಕ್ಕಲುಮಕ್ಕಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಿತ್ತನೆಯ ಬೀಜ ಕೆಟ್ಟರೆ ಒಂದು ವರ್ಷದ ಬೆಳೆ ಕೆಡುತ್ತದೆ. ಮರುವರ್ಷ ಒಳ್ಳೆಯ ಬೀಜವನ್ನು ತಂದು ನಷ್ಟವನ್ನು ತುಂಬಿಕೊಳ್ಳಬಹುದು. ರಾಸುಗಳ ತಳಿ ಕೆಟ್ಟರೆ ಅದನ್ನು ಸರಿಪಡಿಸುವುದಕ್ಕೆ ಹಲವು ವರ್ಷಗಳ ದುಡಿಮೆ ಬೇಕು. ತಳಿಯೇ ಅಳಿದುಹೋದರಂತೂ ಎಷ್ಟು ಹಣವನ್ನು ಸುರಿದರೂ ಅದು ಮತ್ತೆ ದೊರೆಯುವುದಿಲ್ಲ. ಈ ಮಾತು ಬರಿಯ ಊಹೆಯಲ್ಲ. ಮೈಸೂರು ಸೀಮೆಯ ರಾಸುಗಳ ಚರಿತ್ರೆಯಲ್ಲಿಯೇ ಇದಕ್ಕೆ ಸಾಕಷ್ಟು ನಿದರ್ಶನಗಳಿವೆ.

ಸ್ವಂತ ತಳಿಯಿಲ್ಲದ ನಾಡಿನ ಸ್ಥಿತಿ ಹೇಗಿರುವುದೆಂಬುದನ್ನು ತಿಳಿಯಲು ಒಂದು ಸಣ್ಣ ಪ್ರಾಣಿಯ ಉದಾಹರಣೆ ಸಾಕು. ಮೊಲವನ್ನು ಸಾಕುವ ಉದ್ಯಮವು ಈಚಿನ ದಶಕಗಳಲ್ಲಿ ಅಲ್ಲಲ್ಲಿ ತಲೆಯೆತ್ತಿದೆ. ಕನ್ನಡದಲ್ಲಿ ಹೊಲದ ಮೊಲಕ್ಕೂ ಗೂಡಿನಲ್ಲಿ ಸಾಕುವ ಮೊಲಕ್ಕೂ ಹೆಸರು ಒಂದೇ. ಆದರೆ ಪ್ರಾಣಿಗಳು ಬೇರೆ ಬೇರೆ. ಸಾಕುಮೊಲದ ಮೂಲಸ್ಥಾನ ಯೂರೋಪಿನ ಸ್ಪೇನ್ ದೇಶದ ಕಡೆಯದು. ಅದರ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಹೊಲದ ಮೊಲದ ಮರಿಗಳಾದರೋ ಹುಟ್ಟುವಾಗಲೇ ಕೂದಲನ್ನು ಹೊದ್ದು, ಕಣ್ಣು ತೆರೆದಿರುತ್ತವೆ. ಇವೆರಡಕ್ಕೂ ಸಂಕರವಾಗುವುದಿಲ್ಲ. ಅಲ್ಲದೆ ಹೊಲದ ಮೊಲವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಆದುದರಿಂದ ಈ ನಾಡಿನಲ್ಲಿ ಮೊಲ ಸಾಕುವವನು ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲ ಮೊದಲಾದ ಹೊರದೇಶದ ತಳಿಗಳನ್ನೇ ಆಶ್ರಯಿಸಬೇಕಾಗಿದೆ. ಅವು ಇಲ್ಲಿಯ ಬೇಸಗೆಯ ಸೆಕೆಯನ್ನು ತಾಳಲಾರದೆ ಸೊರಗುವುದನ್ನೂ ನೋಡಬೇಕಾಗಿದೆ. ಮೊಲದ ವಿಷಯದಲ್ಲಿ ನಾಡಿಗೆ ಬೇರೆ ದಾರಿಯಿಲ್ಲ. ದನಗಳ ವಿಷಯ ಹಾಗಲ್ಲ. ಇಲ್ಲಿಯ ಬಿಸಿಲು, ಇಲ್ಲಿಯ ಹುಲ್ಲು, ಇಲ್ಲಿಯ ಕಲ್ಲುನೆಲಗಳಿಗೆ ಒಗ್ಗಿದ ಉತ್ತಮ ತಳಿಗಳು ಹಿರಿಯರಿಂದ ಬಂದ ಆಸ್ತಿಯಾಗಿ ಇನ್ನೂ ಕೈಯಲ್ಲಿವೆ. ಇರುವ ಆಸ್ತಿಯನ್ನು ಕಳೆದುಕೊಂಡು ಇಲ್ಲದವರ ಸಾಲಿಗೆ ಸೇರುವುದು ಬುದ್ಧಿವಂತಿಕೆಯಲ್ಲ.

ಅಮೃತಮಹಲಿನ ಹುಟ್ಟು ಮತ್ತು ಏಳಿಗೆ

ಅಮೃತಮಹಲ್ ರಾಸುಗಳು ತಾವಾಗಿಯೇ ಹುಟ್ಟಿಕೊಂಡುವಲ್ಲ. ಆರಿಸಿ, ಬೆಳೆಸಿ, ಕಾಯ್ದು ರೂಪಿಸಿದ ತಳಿ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಇದರ ಮೂಲವೆಂದು ಮೈಸೂರಿನ ಹಳೆಯ ಗ್ಯಾಸೆಟಿಯರಿನಲ್ಲಿ ಹೇಳಿದೆ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರಾಲಿಯು ಪಾಳೆಯಗಾರರಿಂದ ವಶಪಡಿಸಿಕೊಂಡ ಉತ್ತಮ ದನಗಳನ್ನು ಇದಕ್ಕೆ ಸೇರಿಸಿ, ಹೋರಿಗಳನ್ನು ದಂಡಿನ ಸಾಗಾಣಿಕೆಗೆ ಬಳಸಿದನು. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ನಿಬಂಧನೆಗಳನ್ನು ಬರೆಯಿಸಿದನು. ಹೈದರನ ದಂಡು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋಯಿತೆಂಬ ಮಾತು ಪ್ರಸಿದ್ಧವಾಗಿದೆ. ಎತ್ತರವಾದ ಕಾಲು, ಗಟ್ಟಿಯಾದ ಗೊರಸು, ಬಿಗಿಯಾದ ಮೈಕಟ್ಟು, ಹಿಂದಕ್ಕೆ ಸಾಗಿ ಚೂಪಾಗುವ ಉದ್ದನೆಯ ಕೊಂಬು, ಚುರುಕಾದ ನಡೆ, ಇವೇ ಈ ತಳಿಯ ಲಕ್ಷಣಗಳು.

ಈ ಏಳಿಗೆಗೆ ಕಾರಣವಾದುದು ದೊರೆಗಳ ಅಭಿಮಾನವೊಂದೇ ಅಲ್ಲ. ದನಗಳಿಗಾಗಿ ನಾಡಿನ ಉದ್ದಗಲಕ್ಕೂ ‘ಕಾವಲು’ಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಲಕ್ಷಾಂತರ ಎಕರೆಯಷ್ಟಿದ್ದ ಈ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ನೀರೂ ನೆರಳೂ ಇರುವ ಕಾವಲುಗಳನ್ನು ಉಳಿದ ತಿಂಗಳುಗಳಲ್ಲಿ ಮುಟ್ಟದೆ ಬೇಸಗೆಗೆ ಉಳಿಸಿಕೊಳ್ಳುತ್ತಿದ್ದರು. ಹಿಂಡುಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆದುಹೋಗುತ್ತಿದ್ದುವು. ಹುಲ್ಲಿಗೆ ಚಿಗುರಲು ಬಿಡುವು, ದನಕ್ಕೆ ವರ್ಷವೆಲ್ಲ ಮೇವು, ದೂರದ ನಡಿಗೆಯಿಂದ ಕಾಲಿಗೆ ಬಲ, ಈ ಮೂರು ಲಾಭಗಳೂ ಒಂದೇ ಏರ್ಪಾಡಿನಿಂದ ಒದಗುತ್ತಿದ್ದುವು.

ಎರಡು ಬಾರಿ ಬಂದ ಕೇಡು

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಮೃತಮಹಲಿನ ಮೇಲ್ವಿಚಾರಣೆ ಸಡಿಲವಾಯಿತು. ದನಗಳ ಸಂಖ್ಯೆಯೂ ಗುಣವೂ ಇಳಿಯುತ್ತ ಬಂದು, ೧೮೧೩ರಲ್ಲಿ ಮದರಾಸಿನ ಸೈನ್ಯದ ಸರಬರಾಯಿ ಇಲಾಖೆಯ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಇದರ ಹೊಣೆಯನ್ನು ವಹಿಸಬೇಕಾಯಿತು. ಒಬ್ಬನೇ ಅಧಿಕಾರಿಯು ಗಮನವಿಟ್ಟು ನೋಡಿಕೊಂಡುದರಿಂದ ಸುಮಾರು ಹತ್ತು ವರ್ಷಗಳೊಳಗೆ ಹಿಂಡುಗಳು ಚೇತರಿಸಿಕೊಂಡುವು. ತಳಿಯು ಕೆಟ್ಟುದು ರೋಗದಿಂದಲ್ಲ, ಕ್ಷಾಮದಿಂದಲ್ಲ. ಹೇಳುವವರು ಕೇಳುವವರು ಇಲ್ಲದೆ ಕೆಟ್ಟಿತು.

ಎರಡನೆಯ ಕೇಡು ಇದಕ್ಕಿಂತ ದೊಡ್ಡದು. ೧೮೬೦ರಲ್ಲಿ ಖರ್ಚನ್ನು ಉಳಿಸುವ ಉದ್ದೇಶದಿಂದ ಸರ್ಕಾರವು ಅಮೃತಮಹಲ್ ಇಲಾಖೆಯನ್ನೇ ರದ್ದುಮಾಡಿ, ಹಿಂಡುಗಳನ್ನು ಮಾರಿಬಿಟ್ಟಿತು. ಎತ್ತುಗಳು ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತೆಂಬುದು ಲೆಕ್ಕವಾಗಿದ್ದಿತು. ಕೆಲವೇ ವರ್ಷಗಳಲ್ಲಿ ಅಂತಹ ಎತ್ತುಗಳು ಸಂತೆಯಲ್ಲಿ ದೊರೆಯುವುದಿಲ್ಲವೆಂಬುದು ತಿಳಿಯಿತು. ಸಂತೆಗೆ ಒಳ್ಳೆಯ ಎತ್ತು ಬರಬೇಕಾದರೆ ಎಲ್ಲಿಯೋ ಒಳ್ಳೆಯ ಹೋರಿಯೂ ಹಸುವೂ ಉಳಿದಿರಬೇಕಷ್ಟೆ. ೧೮೬೬ರಲ್ಲಿ ಅದೇ ಸರ್ಕಾರವು ಚದುರಿಹೋದ ದನಗಳನ್ನು ಹುಡುಕಿ ತಂದು ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಮಾರುವುದು ಸುಲಭವಾಗಿದ್ದಿತು, ಕೂಡಿಸುವುದು ಕಷ್ಟವಾಯಿತು. ಆ ಹಿಂಡು ಮತ್ತೆ ಕೂಡಿದುದಕ್ಕೆ ಕಾರಣ, ಊರೂರುಗಳಲ್ಲಿ ರೈತರ ಕೊಟ್ಟಿಗೆಗಳಲ್ಲಿ ಆ ವಂಶದ ದನಗಳು ಅಲ್ಪಸ್ವಲ್ಪವಾದರೂ ಉಳಿದಿದ್ದುದು. ಇದನ್ನು ಜಮೀನುದಾರರು ವಿಶೇಷವಾಗಿ ಗಮನಿಸತಕ್ಕದ್ದು.

೧೮೮೨ರಲ್ಲಿ ಹಿಂಡುಗಳು ಮೈಸೂರು ಸರ್ಕಾರಕ್ಕೆ ಸೇರಿದುವು. ೧೯೨೩ರಲ್ಲಿ ಇವುಗಳ ಆಡಳಿತವು ವ್ಯವಸಾಯದ ಇಲಾಖೆಗೆ ಬಂದಿತು. ೧೯೨೯ರಲ್ಲಿ ಅಜ್ಜಂಪುರದಲ್ಲಿ ತಳಿ ಅಭಿವೃದ್ಧಿ ಕ್ಷೇತ್ರವು ಸ್ಥಾಪಿತವಾಯಿತು. ಚಿಕ್ಕಮಗಳೂರು ಜಿಲ್ಲೆಯ ಆ ಕ್ಷೇತ್ರದಲ್ಲಿ ಇಂದಿಗೂ ಅಮೃತಮಹಲ್ ತಳಿಯನ್ನು ಕಾಪಾಡಿಕೊಂಡು ಬರಲಾಗುತ್ತಿದೆ. ಹೆಚ್ಚಾದ ಗಂಡುಕರುಗಳನ್ನು ಬಹಿರಂಗ ಹರಾಜಿನಲ್ಲಿ ರೈತರಿಗೆ ಕೊಡುವ ಪದ್ಧತಿಯೂ ಇದೆ.

ಕಾವಲು ಹೋದರೆ ತಳಿಯೂ ಹೋಗುವುದು

ಆದರೆ ಕಾವಲುಗಳ ಸ್ಥಿತಿ ಮೊದಲಿನಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆಹಾರದ ಬೆಳೆಯನ್ನು ಹೆಚ್ಚಿಸುವುದಕ್ಕೆಂದೂ, ಭೂಮಿಯಿಲ್ಲದವರಿಗೆ ಕೊಡುವುದಕ್ಕೆಂದೂ, ನೆಡುತೋಪುಗಳಿಗೆಂದೂ ಕಾವಲುಗಳ ಬಹುಭಾಗವು ಹಂಚಿಹೋಯಿತು. ಒಂದೊಂದು ಕಾರಣವೂ ಅದರಷ್ಟಕ್ಕೆ ನ್ಯಾಯವಾಗಿಯೇ ಕಂಡಿರಬಹುದು. ಎಲ್ಲವೂ ಕೂಡಿದಾಗ ದನಗಳಿಗೆ ನಿಲ್ಲಲು ನೆಲವಿಲ್ಲದಂತಾಯಿತು. ಈ ಶತಮಾನದಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ಕುರಿ ದನಗಳನ್ನು ಮೇಯಿಸುತ್ತಿದ್ದ ಹಳ್ಳಿಗರು ನ್ಯಾಯಮಂಡಳಿಯವರೆಗೂ ಹೋಗಿ ಅಹವಾಲನ್ನು ಹೇಳಿಕೊಂಡರು.

ಕಾವಲು ಉಳಿದರೆ ದನವೊಂದೇ ಅಲ್ಲ, ಬೇರೆ ಜೀವಗಳೂ ಉಳಿಯುತ್ತವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲೆಂದು ಸಾರಲಾಯಿತು. ದನಕ್ಕಾಗಿ ಕಾಯ್ದ ಹುಲ್ಲು ಜಿಂಕೆಗೂ ಹೊಲದ ಮೊಲಕ್ಕೂ ಆಶ್ರಯವಾಯಿತು.

ಪಟ್ಟಣದ ಸಮೀಪದಲ್ಲಿ ನೆಲವು ಹೇಗೆ ಬದಲಾಗುವುದೆಂಬುದನ್ನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಕಣ್ಣಾರೆ ನೋಡಬಹುದು. ೧೯೪೯ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಿತು. ತರುವಾಯ ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರ, ವಿಜಯನಗರ ಮೊದಲಾದ ಬಡಾವಣೆಗಳು ಒಂದೊಂದಾಗಿ ಎದ್ದುವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಎಂಬ ಹಳ್ಳಿಗಳ ಹೆಸರುಗಳು ಇಂದು ಬೀದಿಗಳ ನಡುವೆ ಉಳಿದಿವೆ. ಅವುಗಳ ಹೊಲಗದ್ದೆಗಳು ಉಳಿದಿಲ್ಲ. ಊರು ಬೆಳೆಯುವುದನ್ನು ತಡೆಯುವುದು ಯಾರಿಗೂ ಸಾಧ್ಯವಲ್ಲ. ಆದರೆ ಇದೇ ದಿಕ್ಕಿನಲ್ಲಿ ಮಾಗಡಿ ರಸ್ತೆಯನ್ನು ಹಿಡಿದು ಮುಂದೆ ಸಾಗಿದರೆ ಹಳ್ಳಿಕಾರ್ ರಾಸುಗಳ ಸೀಮೆ ಎದುರಾಗುತ್ತದೆ. ಪಟ್ಟಣವೂ ಅದೇ ದಾರಿಯಲ್ಲಿ ನಡೆದು ಬರುತ್ತಿದೆ. ಮಹಾಲಕ್ಷ್ಮಿ ಲೇಔಟಿನ ನೆಲದಲ್ಲಿ ನಿನ್ನೆ ಆದುದು ಮಾಗಡಿ, ಕುಣಿಗಲ್ಲುಗಳ ಗೋಮಾಳಗಳಲ್ಲಿ ನಾಳೆ ಆಗಬಹುದೆಂಬುದನ್ನು ಅಲ್ಲಿಯ ಪ್ರಮುಖರು ಈಗಲೇ ಆಲೋಚಿಸತಕ್ಕದ್ದು.

ಹಳ್ಳಿಕಾರ್: ರೈತರೇ ಕಾಯ್ದ ತಳಿ

ಅಮೃತಮಹಲನ್ನು ಅರಸರು ಕಾಯ್ದರೆ, ಹಳ್ಳಿಕಾರನ್ನು ಕಾಯ್ದವರು ರೈತರು. ತುಮಕೂರು, ಮಂಡ್ಯ, ಹಾಸನ, ಮೈಸೂರು, ರಾಮನಗರ ಮತ್ತು ಬೆಂಗಳೂರಿನ ಸುತ್ತಲಿನ ಸೀಮೆಯಲ್ಲಿ ಈ ತಳಿ ಹರಡಿಕೊಂಡಿದೆ. ಬೂದು ಅಥವಾ ಕಪ್ಪುಬೂದು ಮೈಬಣ್ಣ, ಉದ್ದನೆಯ ಮುಖ, ಹಣೆಯ ನಡುವೆ ಗೆರೆಯೆಳೆದಂತಹ ತಗ್ಗು, ನೆತ್ತಿಯ ಮೇಲೆ ಒತ್ತಾಗಿ ಹುಟ್ಟಿ ಹಿಂದಕ್ಕೆ ನೇರವಾಗಿ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬುಗಳು, ಇವುಗಳಿಂದ ಇದನ್ನು ಗುರುತಿಸಬಹುದು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮಾಗಡಿ ಮೊದಲಾದ ದನಗಳ ಜಾತ್ರೆಗಳಲ್ಲಿ ಅಲಂಕರಿಸಿ ನಿಲ್ಲಿಸಿದ ಹಳ್ಳಿಕಾರ್ ಜೋಡಿಗಳ ಮುಂದೆ ಇಂದಿಗೂ ಜನ ಸೇರುತ್ತಾರೆ. ೨೦೦೦ದಲ್ಲಿ ಭಾರತದ ಅಂಚೆ ಇಲಾಖೆಯು ನಾಡತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಹಳ್ಳಿಕಾರಿಗೂ ಅದರಲ್ಲಿ ಸ್ಥಾನ ದೊರೆಯಿತು.

ಹೀಗಿದ್ದರೂ ಈ ತಳಿಯನ್ನು ಇಟ್ಟುಕೊಳ್ಳುವುದು ರೈತನಿಗೆ ಲಾಭವೇ ಎಂಬ ಪ್ರಶ್ನೆಯನ್ನು ಮರೆಮಾಚಬಾರದು. ಹಳ್ಳಿಕಾರ್ ಹಸು ಕೊಡುವ ಹಾಲು ಸ್ವಲ್ಪ. ಅದು ಉಳುವ ಎತ್ತಿಗಾಗಿ ಬೆಳೆಸಿದ ತಳಿ. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸವನ್ನು ಕಸಿದುಕೊಂಡಿತು. ಹಾಲಿನ ಡೈರಿಗಳು ಬಂದು ಜರ್ಸಿ, ಹೋಲ್ಸ್ಟೀನ್ ಮಿಶ್ರತಳಿಯ ಹಸುಗಳಿಗೆ ಬೆಲೆ ತಂದುವು. ಹಾಲನ್ನು ಮಾರಿ ಜೀವಿಸುವ ಸಂಸಾರಕ್ಕೆ ಮಿಶ್ರತಳಿಯ ಹಸುವನ್ನು ಬಿಡೆಂದು ಹೇಳುವುದು ನ್ಯಾಯವಲ್ಲ.

ಆದರೂ ನಾಡತಳಿಯನ್ನು ಉಳಿಸುವುದಕ್ಕೆ ಬಲವಾದ ಕಾರಣಗಳಿವೆ. ಬಿಸಿಲನ್ನು ತಾಳುವ ಶಕ್ತಿ, ಒಣಮೇವಿನಲ್ಲಿಯೇ ಮೈಯನ್ನು ಹಿಡಿದುಕೊಳ್ಳುವ ಗುಣ, ಉಣ್ಣೆಗಳಿಗೂ ಅವು ಹರಡುವ ಜ್ವರಗಳಿಗೂ ಬೇಗನೆ ಬಲಿಯಾಗದಿರುವುದು, ಇವು ಶತಮಾನಗಳ ಆಯ್ಕೆಯಿಂದ ರಕ್ತದಲ್ಲಿ ಸೇರಿದ ಗುಣಗಳು. ಬೇಸಗೆಯ ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಮಿಶ್ರತಳಿಗೆ ತಾಳುವ ಶಕ್ತಿಯನ್ನು ಸೇರಿಸಬೇಕಾದರೂ ಅದನ್ನು ತರಬೇಕಾದುದು ಈ ತಳಿಗಳಿಂದಲೇ. ಆಂಧ್ರದ ಒಂಗೋಲ್ ದನಗಳನ್ನು ಕೊಂಡೊಯ್ದ ಬ್ರೆಜಿಲ್ ದೇಶದವರು ಅವುಗಳಿಂದ ‘ನೆಲೋರ್’ ಎಂಬ ತಳಿಯನ್ನು ಬೆಳೆಸಿ, ಅದನ್ನು ತಮ್ಮ ದೇಶದ ಗೋಸಂಪತ್ತಿನ ಮುಖ್ಯ ಭಾಗವನ್ನಾಗಿ ಮಾಡಿಕೊಂಡಿದ್ದಾರೆ. ಮನೆಯಲ್ಲಿ ಕಡೆಗಣಿಸಿದುದರ ಬೆಲೆಯನ್ನು ಹೊರಗಿನವರು ಬಲ್ಲರು. ಆದುದರಿಂದ ಎಲ್ಲರೂ ಎಲ್ಲ ಹಸುಗಳನ್ನೂ ಬದಲಾಯಿಸಬೇಕಾದುದಿಲ್ಲ. ಊರಿಗೆ ಕೆಲವು ಮನೆಗಳಾದರೂ ಶುದ್ಧವಂಶವನ್ನು ಕೆಡದಂತೆ ಇಟ್ಟುಕೊಂಡರೆ ಸಾಕು.

ನೆರೆಯ ಜಮೀನುದಾರರ ನಿದರ್ಶನ

ಒಬ್ಬ ಜಮೀನುದಾರನ ಮನೆತನವು ಎಷ್ಟನ್ನು ಸಾಧಿಸಬಹುದೆಂಬುದಕ್ಕೆ ನೆರೆಯ ತಮಿಳುನಾಡಿನ ಕಾಂಗೇಯಂ ರಾಸುಗಳೇ ಸಾಕ್ಷಿ. ಮೈಸೂರು ಮಾದರಿಯ ರಾಸುಗಳ ಗುಂಪಿಗೇ ಸೇರಿದ ಈ ತಳಿಯನ್ನು ಹಿಂದಿನ ಕೊಯಮತ್ತೂರು ಜಿಲ್ಲೆಯ ಪಾಳೆಯಕೋಟೈ ಪಟ್ಟಗಾರರು ತಮ್ಮ ಸ್ವಂತ ಹಿಂಡಿನಲ್ಲಿ ಆರಿಸಿ ಬೆಳೆಸಿ ಉತ್ತಮಪಡಿಸಿದರು. ಅವರ ಹಿಂಡಿನ ಹೋರಿಗಳು ಸುತ್ತಲಿನ ಊರುಗಳ ದನಗಳನ್ನು ತಿದ್ದಿದುವು. ಆ ಸೀಮೆಯ ರೈತರು ತಮ್ಮ ಒಣಭೂಮಿಯಲ್ಲಿ ಒಂದು ಭಾಗವನ್ನು ‘ಕೊರಂಗಾಡು’ ಎಂಬ ಹುಲ್ಲುಗಾವಲಾಗಿ ಬಿಟ್ಟು, ಸುತ್ತಲೂ ಮುಳ್ಳಿನ ಜೀವಬೇಲಿಯನ್ನು ಬೆಳೆಸಿ, ಒಳಗೆ ಬಿಳಿಜಾಲಿಯ ಮರಗಳನ್ನು ಉಳಿಸಿಕೊಂಡು, ಸರದಿಯ ಮೇಲೆ ದನಗಳನ್ನು ಮೇಯಿಸುತ್ತಾರೆ. ಬಿಳಿಜಾಲಿಯ ಕಾಯಿ ಬೇಸಗೆಯಲ್ಲಿ ಒಳ್ಳೆಯ ಮೇವು. ಸರ್ಕಾರದ ಕಾವಲಿಲ್ಲದ ಕಡೆಯಲ್ಲಿ ಸ್ವಂತ ಕಾವಲನ್ನು ಮಾಡಿಕೊಂಡ ಈ ಬುದ್ಧಿಯು ಮೈಸೂರು ಸೀಮೆಯ ದೊಡ್ಡ ಹಿಡುವಳಿದಾರರಿಗೆ ಅನುಕರಣೀಯವಾಗಿದೆ.

ಗ್ರಾಮಗಳಲ್ಲಿ ಮಾಡತಕ್ಕ ಕೆಲಸಗಳು

ಮೊದಲನೆಯದು, ಬೀಜದ ಹೋರಿಯ ಆಯ್ಕೆ. ಹಳ್ಳಿಗಳಲ್ಲಿ ನಡೆಯುವ ಒಂದು ದೊಡ್ಡ ತಪ್ಪೇನೆಂದರೆ, ಕರುಗಳಲ್ಲಿ ಅತ್ಯುತ್ತಮವಾದುದನ್ನೇ ಮೊದಲು ಬೀಜ ಒಡೆಸಿ ಎತ್ತನ್ನಾಗಿ ಮಾಡಿ ಮಾರಿಬಿಡುವುದು. ಬೆಲೆ ಬಾರದ ಬಡಕಲು ಕರು ಬೀದಿಯಲ್ಲಿ ಅಲೆದು ಊರಿನ ಹಸುಗಳಿಗೆಲ್ಲ ಹೋರಿಯಾಗುತ್ತದೆ. ಒಳ್ಳೆಯ ರಾಗಿಯನ್ನೆಲ್ಲ ಮಾರಿ ಜೊಳ್ಳನ್ನು ಬಿತ್ತನೆಗೆ ಇಟ್ಟುಕೊಳ್ಳುವವನಿಗೂ ಇವನಿಗೂ ಭೇದವಿಲ್ಲ. ದೇವರ ಹೆಸರಿನಲ್ಲಿ ಬಸವನನ್ನು ಬಿಡುವ ಸಂಪ್ರದಾಯವುಳ್ಳ ಊರುಗಳಲ್ಲಿ, ಬಿಡುವ ಕರುವು ಉತ್ತಮ ತಾಯಿಯ ಮಗನಾಗಿರುವಂತೆ ಪ್ರಮುಖರು ನೋಡಿಕೊಂಡರೆ ಭಕ್ತಿಯೂ ಸಲ್ಲುತ್ತದೆ, ತಳಿಯೂ ಏಳಿಗೆಗೆ ಬರುತ್ತದೆ. ಹೋರಿಯ ಅಂದವನ್ನು ಮಾತ್ರ ನೋಡಬಾರದು. ತಾಯಿಯ ಹಾಲು, ಶಾಂತಸ್ವಭಾವ, ತಪ್ಪದೆ ಕರು ಹಾಕುವ ಗುಣ, ಇವನ್ನು ವಿಚಾರಿಸತಕ್ಕದ್ದು.

ಎರಡನೆಯದು, ಹೋರಿಯ ಬದಲಾವಣೆ. ಒಂದೇ ಹೋರಿಯು ಒಂದೇ ಊರಿನಲ್ಲಿ ಬಹುಕಾಲ ಇದ್ದರೆ ತನ್ನ ಹೆಣ್ಣುಕರುಗಳಿಗೇ ಹೋರಿಯಾಗುವುದು. ಹತ್ತಿರದ ರಕ್ತಸಂಬಂಧದಿಂದ ಹುಟ್ಟಿದ ಕರುಗಳು ಸಣ್ಣವಾಗುತ್ತವೆ, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ರೋಗಗಳಿಗೆ ಬೇಗನೆ ಒಳಗಾಗುತ್ತವೆ. ಹೆಣ್ಣುಕರುಗಳು ಬೆದೆಗೆ ಬರುವ ವಯಸ್ಸನ್ನು ಮುಟ್ಟುವುದಕ್ಕೆ ಮುಂಚೆಯೇ ಹೋರಿಯನ್ನು ದೂರದ ಊರಿಗೆ ಕೊಟ್ಟು, ಅಲ್ಲಿಯ ಹೋರಿಯನ್ನು ತಂದುಕೊಳ್ಳುವುದು ಉಚಿತ. ನಾಲ್ಕಾರು ಊರಿನ ಪ್ರಮುಖರು ಜಾತ್ರೆಯಲ್ಲಿ ಕೂಡಿದಾಗಲೇ ಈ ಏರ್ಪಾಡನ್ನು ಮಾಡಿಕೊಳ್ಳಬಹುದು. ಕೃತಕ ಗರ್ಭಧಾರಣೆಯನ್ನು ಮಾಡಿಸುವವರು ಹಳ್ಳಿಕಾರ್ ಹಸುವಿಗೆ ಹಳ್ಳಿಕಾರ್ ಹೋರಿಯ ವೀರ್ಯವನ್ನೇ ಕೊಡಬೇಕೆಂದು ಪಶುವೈದ್ಯರನ್ನು ಮೊದಲೇ ಕೇಳಿಕೊಳ್ಳತಕ್ಕದ್ದು. ಕೇಳದಿದ್ದರೆ ಹಾಲಿನ ತಳಿಯದೇ ದೊರೆಯುವ ಸಂಭವ ಹೆಚ್ಚು.

ಮೂರನೆಯದು, ವಂಶದ ದಾಖಲೆ. ಯಾವ ಹಸುವಿಗೆ ಯಾವ ಹೋರಿ, ಯಾವ ತಿಂಗಳು ಕರು ಹಾಕಿತು, ಹೆಣ್ಣೋ ಗಂಡೋ, ಹಾಲೆಷ್ಟು, ಕರು ಏನಾಯಿತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಈಗ ಸರ್ಕಾರವು ರಾಸುಗಳ ಕಿವಿಗೆ ಹನ್ನೆರಡು ಅಂಕೆಗಳ ಓಲೆಯನ್ನು ಹಾಕಿಸುತ್ತಿರುವುದರಿಂದ ಗುರುತು ತಪ್ಪುವ ಭಯವೂ ಇಲ್ಲ. ದಾಖಲೆಯಿಲ್ಲದ ಶುದ್ಧತಳಿಯು ಪತ್ರವಿಲ್ಲದ ಜಮೀನಿನಂತೆ. ತನ್ನದೆಂದು ಹೇಳಬಹುದು, ಆದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ೧೯೮೪ರಲ್ಲಿ ಸ್ಥಾಪಿತವಾಗಿ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದ ತಳಿಗಳನ್ನು ನೋಂದಾಯಿಸುತ್ತಿದೆ. ಅಮೃತಮಹಲ್, ಹಳ್ಳಿಕಾರ್, ಖಿಲಾರಿ, ಕೃಷ್ಣಾತೀರ, ದೇವಣಿ, ಮಲೆನಾಡು ಗಿಡ್ಡ ಇವೆಲ್ಲ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೊಟ್ಟಿಗೆಯಲ್ಲಿ ದನವಿದ್ದಂತಾಗಲಿಲ್ಲ.

ನಾಲ್ಕನೆಯದು, ಗೋಮಾಳದ ರಕ್ಷಣೆ. ಇದು ಗ್ರಾಮ ಪ್ರಮುಖರ ಕೈಯಲ್ಲಿಯೇ ಇರುವ ಕೆಲಸ. ಉಳಿದುವೆಲ್ಲ ಇದನ್ನು ಅವಲಂಬಿಸಿವೆ. ಕರ್ನಾಟಕ ಭೂಕಂದಾಯ ನಿಯಮಗಳಂತೆ ಊರಿನ ಪ್ರತಿ ನೂರು ರಾಸುಗಳಿಗೆ ೧೨ ಹೆಕ್ಟೇರು, ಎಂದರೆ ಸುಮಾರು ೩೦ ಎಕರೆ, ಗೋಮಾಳವನ್ನು ಮೀಸಲಿಡತಕ್ಕದ್ದು. ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಊರಿನ ರಾಸುಗಳ ಎಣಿಕೆ ಇಳಿದಂತೆಲ್ಲ ಗೋಮಾಳವು ಹೆಚ್ಚಾಗಿದೆಯೆಂದು ಹೇಳಿ ಬೇರೆ ಉಪಯೋಗಕ್ಕೆ ಕೊಡುವುದಕ್ಕೆ ದಾರಿಯಾಗುತ್ತದೆ. ಗೋಮಾಳ ಹೋದಂತೆಲ್ಲ ರಾಸುಗಳು ಇನ್ನೂ ಇಳಿಯುತ್ತವೆ. ಆದುದರಿಂದ ರಾಸುಗಳ ಗಣತಿ ನಡೆಯುವಾಗ ಒಂದೊಂದು ಕರುವೂ ಲೆಕ್ಕಕ್ಕೆ ಬರುವಂತೆ ನೋಡಿಕೊಳ್ಳುವುದು ಪ್ರಮುಖರ ಕರ್ತವ್ಯ. ಗೋಮಾಳದ ಗಡಿಯನ್ನು ಅಳತೆಮಾಡಿಸಿ ಕಲ್ಲು ನೆಡಿಸತಕ್ಕದ್ದು. ಊರೊಟ್ಟಿನ ಭೂಮಿಯ ಒತ್ತುವರಿಗಳನ್ನು ತೆರವುಮಾಡಿಸುವ ಏರ್ಪಾಡು ಮಾಡಬೇಕೆಂದು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿರುವುದರಿಂದ, ಒತ್ತುವರಿಯನ್ನು ಕಂಡೂ ಕಾಣದಂತಿರುವುದಕ್ಕೆ ಕಾರಣವಿಲ್ಲ. ಒತ್ತುವರಿ ಮಾಡಿದವನು ತನ್ನ ನೆಂಟನೇ ಆದರೂ ನೆಲವು ಊರಿನ ದನದ ಬಾಯಿಯದು.

ಉಳಿದ ಗೋಮಾಳವನ್ನು ಸರಿಯಾಗಿ ಬಳಸುವುದಕ್ಕೆ ಹಳೆಯ ಕಾವಲಿನ ಕ್ರಮವೇ ಸಾಕು. ನೆಲವನ್ನು ಮೂರು ಭಾಗ ಮಾಡಿ, ಮುಂಗಾರಿನ ಮೊದಲ ಮಳೆಗಳಲ್ಲಿ ಒಂದು ಭಾಗವನ್ನಾದರೂ ಮುಚ್ಚಿ, ಹುಲ್ಲು ಹೂಬಿಟ್ಟು ಬೀಜ ಉದುರಿಸುವವರೆಗೆ ಕಾಯತಕ್ಕದ್ದು. ಪ್ರತಿವರ್ಷವೂ ಮುಚ್ಚುವ ಭಾಗವು ಬದಲಾಗಬೇಕು. ಬಳ್ಳಾರಿ ಜಾಲಿ, ಲಂಟಾನ ಮೊದಲಾದ ಹೊರಗಿನ ಮುಳ್ಳುಪೊದೆಗಳನ್ನು ಬೇರುಸಹಿತ ಕಿತ್ತು, ನೆರಳಿಗೆ ಬೇವು, ಹೊಂಗೆ, ಬಿಳಿಜಾಲಿಗಳನ್ನು ಅಲ್ಲಲ್ಲಿ ಉಳಿಸತಕ್ಕದ್ದು. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಬದುಗಳನ್ನು ಹಾಕಿಸಿದರೆ ನೀರು ನಿಂತು ಹುಲ್ಲು ಬೇಸಗೆಯವರೆಗೂ ಹಸಿರಾಗಿರುವುದು.

ಮುಕ್ತಾಯ

ತಳಿಯೆಂಬುದು ಹೋರಿ, ಹಸು, ಹುಲ್ಲು ಮತ್ತು ಕಾಯುವವನು ಈ ನಾಲ್ಕೂ ಕೂಡಿದ ಒಂದು ಏರ್ಪಾಡು. ವೀರ್ಯವನ್ನು ಹಿಮದಂತೆ ಘನೀಕರಿಸಿ ಬಹುಕಾಲ ಇಡುವ ಉಪಾಯವು ಇಂದು ಕೈಗೂಡಿದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಇದಕ್ಕಾಗಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಕೆಲಸಮಾಡುತ್ತಿದೆ. ಅದು ಆಪತ್ಕಾಲಕ್ಕೆ ಒಳ್ಳೆಯ ಕಣಜ. ಆದರೆ ಕಣಜದಲ್ಲಿ ಬೀಜವಿದ್ದು ಹೊಲವೇ ಇಲ್ಲದಿದ್ದರೆ ಪ್ರಯೋಜನವೇನು?

೧೮೬೦ರಲ್ಲಿ ಮಾರಿದ ಹಿಂಡನ್ನು ೧೮೬೬ರಲ್ಲಿ ಮತ್ತೆ ಕೂಡಿಸಲು ಸಾಧ್ಯವಾದುದು ಹಳ್ಳಿಗಳಲ್ಲಿ ದನವೂ ಇದ್ದು ಕಾವಲೂ ಇದ್ದುದರಿಂದ. ಇಂದು ಅಂತಹ ಕೇಡು ಮತ್ತೊಮ್ಮೆ ಒದಗಿದರೆ ಹುಡುಕಿ ತರುವುದಕ್ಕೆ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಏನು ಉಳಿದಿರುವುದು ಎಂಬ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾದವರು ಗ್ರಾಮ ಪ್ರಮುಖರೂ ಜಮೀನುದಾರರೂ ಆಗಿದ್ದಾರೆ. ಪ್ರತಿಯೊಬ್ಬ ಅನುಕೂಲಸ್ಥ ಜಮೀನುದಾರನು ಎರಡು ಶುದ್ಧವಂಶದ ಹಸುಗಳನ್ನೂ, ಪ್ರತಿ ಗ್ರಾಮವು ಒಂದು ಆರಿಸಿದ ಹೋರಿಯನ್ನೂ, ಗಡಿ ತಪ್ಪದ ಗೋಮಾಳವನ್ನೂ ಉಳಿಸಿಕೊಂಡರೆ ಹಿರಿಯರು ಬಿಟ್ಟುಹೋದ ಈ ಸಂಪತ್ತು ಮುಂದಿನವರ ಕೈಗೆ ಸೇರುವುದರಲ್ಲಿ ಸಂದೇಹವಿಲ್ಲ. ಬರುವ ಜಾ​ತ್ರೆಗಳಲ್ಲಿ ಹೋರಿಯನ್ನು ಕೊಳ್ಳುವವರು ಅದರ ಕೊಂಬಿನ ಬಣ್ಣವನ್ನು ನೋಡುವುದಕ್ಕೆ ಮುಂಚೆ ಅದರ ತಾಯಿಯ ವಿಷಯವನ್ನು ಕೇಳುವಂತಾದರೆ ಕೆಲಸವು ಆರಂಭವಾದಂತೆಯೇ ಸರಿ.